ಅಕ್ಟೋಬರ್ 23ಕ್ಕೆ ಏನನ್ನೋಣ: ಜಯಂತಿಯೋ, ದಿವಸವೋ, ಉತ್ಸವವೋ?

ಗೆಳೆಯರೇ, ನಮಸ್ಕಾರ.

ಬೆಳಗಾವಿಯಿಂದ ಒಂದು ಪದದ ಪ್ರಶ್ನೆ. ನಮ್ಮ ಓಣಿಯ ಸಣ್ಣ ವಾಚನಾಲಯದಲ್ಲಿ ಒಂದು ಕರಿಹಲಗೆ ಇದೆ. ಆಯಾ ತಿಂಗಳ ಮುಖ್ಯ ದಿನಗಳನ್ನು ಅದರ ಮೇಲೆ ಬರೆಯುವುದು ನನ್ನ ಕೆಲಸ. ಅಕ್ಟೋಬರ್ ಬಂತೆಂದರೆ ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ಏನೋ ಒಂದು ನಡೆದ ದಿನ ವರ್ಷ ವರ್ಷ ತಿರುಗಿ ಬರುತ್ತದಲ್ಲ, ಆ ದಿನಕ್ಕೆ ಕನ್ನಡದಲ್ಲಿ ಹೆಸರೇನು?

2ನೇ ತಾರೀಖು ಸುಲಭ. ಗಾಂಧೀಜಿ 1869ರಲ್ಲಿ, ಶಾಸ್ತ್ರೀಜಿ 1904ರಲ್ಲಿ ಹುಟ್ಟಿದ ದಿನ. ಜಯಂತಿ ಅಂತ ಬರೆದರೆ ಮುಗೀತು. 26, ಬೇಂದ್ರೆಯವರು 1981ರಲ್ಲಿ ತೀರಿಕೊಂಡ ದಿನ. ನಮ್ಮ ಕಡೆ ಮರಾಠಿಯ ಒಡನಾಟ ಜಾಸ್ತಿ, ಹಾಗಾಗಿ ಪುಣ್ಯತಿಥಿ ಅನ್ನುತ್ತೇವೆ. 31ಕ್ಕೆ ಪಟೇಲರು ಹುಟ್ಟಿದ್ದು, ಅದೇ 31ಕ್ಕೆ ಇಂದಿರಾ ಗಾಂಧಿಯವರ ಹತ್ಯೆಯಾದದ್ದು. ಹಲಗೆಯ ಒಂದೇ ಚೌಕದಲ್ಲಿ ಎರಡೂ ಪದ ಬರೆಯಬೇಕು. ಆದರೂ ತೊಂದರೆಯಿಲ್ಲ.

ತೊಡಕು 23ರದ್ದು. 1824ರ ಆ ದಿನ ಕಿತ್ತೂರಿನಲ್ಲಿ ಚೆನ್ನಮ್ಮನ ಪಡೆ ಕಂಪನಿಯ ಪಡೆಯನ್ನು ಸೋಲಿಸಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದ. ನಾನು ಮೊದಲು ‘ಕಿತ್ತೂರು ವಿಜಯ ದಿವಸ’ ಅಂತ ಬರೆದೆ. ಪೇಪರ್ ಓದಲು ಬರುವ ಕಾಕಾ ಒಬ್ಬರು ಕನ್ನಡಕ ಏರಿಸಿ ನೋಡಿದರು. “ತಮ್ಮಾ, ದಿವಸ ಅಂತ ಬರೀಬ್ಯಾಡ. ದಿವಸ ಸತ್ತವರಿಗೆ ಮಾಡತಾರ. ಇದ್ಯಾರ ದಿವಸ, ಥ್ಯಾಕರೇದs?” ಅಂದರು. ಓದುತ್ತಿದ್ದವರೆಲ್ಲ ನಕ್ಕರು. ಆದರೆ ಕಾಕಾ ಹೇಳಿದ್ದು ಸರಿ. ಹಿಂದಿಯಿಂದ ಬಂದ ‘ವಿಜಯ ದಿವಸ’ ನಮ್ಮ ಕಿವಿಯಲ್ಲಿ ಬೇರೆಯೇ ಕೇಳುತ್ತದೆ. ನಮ್ಮಲ್ಲಿ ‘ದಿವಸ ಮಾಡಿದ್ರು’ ಅಂದರೆ ಸತ್ತವರ ಕಾರ್ಯ ಮುಗಿಸಿದರು ಅಂತ.

ಅದನ್ನು ಅಳಿಸಿದೆ. ಸರ್ಕಾರ ಅದೇ 23ಕ್ಕೆ ಚೆನ್ನಮ್ಮನ ಜಯಂತಿಯನ್ನೂ ಆಚರಿಸುತ್ತದೆ. ಹಾಗಾಗಿ ಜಯಂತಿ ಅಂತ ಬರೆದು, ಕೆಳಗೆ ಯುದ್ಧದ ವಿಷಯ ಸೇರಿಸಿದೆ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಓದಿ ಕೇಳಿದಳು: “ಸರ್, ಅವತ್ತs ಹುಟ್ಟಿ ಅವತ್ತs ಯುದ್ಧ ಗೆದ್ಲೇನ್ರಿ?”

ಅವಳ ಪ್ರಶ್ನೆ ನನ್ನನ್ನು ಜಯಂತಿಯ ಬೇರಿಗೆ ಕರೆದುಕೊಂಡು ಹೋಯಿತು. ಸಂಸ್ಕೃತದಲ್ಲಿ ಜಯಂತೀ ಅಂದರೆ ಗೆಲ್ಲುವವಳು. ‘ಜಿ’ ಎಂಬ ಧಾತು, ಜಯ ಹುಟ್ಟಿದ್ದೂ ಅದರಿಂದಲೇ. ಶ್ರಾವಣದ ಅಷ್ಟಮಿಗೆ ರೋಹಿಣಿ ನಕ್ಷತ್ರ ಕೂಡಿದ ರಾತ್ರಿಗೆ ಜಯಂತಿ ಅಂತ ಹೆಸರಿತ್ತು. ಅದು ಕೃಷ್ಣ ಹುಟ್ಟಿದ ರಾತ್ರಿ. ಮುಂದೆ ಹುಟ್ಟಿದ ದಿನಗಳಿಗೆಲ್ಲ ಆ ಹೆಸರು ಅಂಟಿಕೊಂಡಿತು. ಅಂದರೆ ಬೇರಿನ ಲೆಕ್ಕದಲ್ಲಿ ಕಿತ್ತೂರಿನ ಗೆಲುವಿಗೆ ಜಯಂತಿಯಷ್ಟು ಚೆಂದ ಒಪ್ಪುವ ಪದ ಇನ್ನೊಂದಿಲ್ಲ. ಬಳಕೆಯ ಲೆಕ್ಕದಲ್ಲಿ ಮಾತ್ರ ಒಪ್ಪುವುದಿಲ್ಲ. ನನಗೆ ಬಳಕೆಯೇ ದೊಡ್ಡದು. ಹುಡುಗಿ ತಪ್ಪು ತಿಳಿದುಕೊಂಡರೆ ಬೇರು ತೋರಿಸಿ ಏನು ಮಾಡಲಿ?

ಕಿತ್ತೂರಿನಲ್ಲಿ ಅದು ಉತ್ಸವ, ಮೂರು ದಿನ. ಅಲ್ಲಿಗೆ ಆ ಪದ ಸೊಗಸಾಗಿದೆ. ಆದರೆ ‘ವಾರ್ಷಿಕೋತ್ಸವ’ವನ್ನು ಎಲ್ಲದಕ್ಕೂ ಹಚ್ಚಲು ಬರುವುದಿಲ್ಲ. ಸೆಪ್ಟೆಂಬರ್ 30 ಲಾತೂರ್ ಭೂಕಂಪದ ದಿನ, 1993ರದ್ದು. ಅದರ ಮುಂದೆ ಉತ್ಸವ ಅಂತ ಬರೆಯಲು ಯಾರಿಗೆ ಮನಸ್ಸು ಬಂದೀತು? ‘ವರ್ಷಾಚರಣೆ’ಗೂ ಇದೇ ತೊಡಕು. ಅದು ಆಚರಿಸುವುದನ್ನು ಹೇಳುತ್ತದೆ, ದಿನವನ್ನಲ್ಲ.

ಇನ್ನು ತಾರೀಖು ಮತ್ತು ತಿಥಿ. ಬೆಳಗಾವಿಯವರಿಗೆ ಇದು ಚೆನ್ನಾಗಿ ಗೊತ್ತು. ಶಿವಾಜಿ ಜಯಂತಿ ಇಲ್ಲಿ ಫೆಬ್ರುವರಿ 19ಕ್ಕೆ ಒಮ್ಮೆ, ವೈಶಾಖದಲ್ಲಿ ಬಸವ ಜಯಂತಿಯ ಆಸುಪಾಸು ಇನ್ನೊಮ್ಮೆ. ಹೊರಗಿನಿಂದ ಬಂದವರು ಬೆರಗಾಗುತ್ತಾರೆ. ಅವರಿಗೆ ನಾನು ಅಕ್ಟೋಬರ್ ಕ್ರಾಂತಿಯ ಕಥೆ ಹೇಳುತ್ತೇನೆ. ರಷ್ಯಾದಲ್ಲಿ ಆಗ ಹಳೆ ಕ್ಯಾಲೆಂಡರ್ ಇತ್ತು, ಅದರ ಪ್ರಕಾರ 1917ರ ಅಕ್ಟೋಬರ್ 25. ಹೊಸದರ ಪ್ರಕಾರ ನವೆಂಬರ್ 7. ಹೀಗಾಗಿ ಅಕ್ಟೋಬರ್ ಕ್ರಾಂತಿಯನ್ನು ಅವರು ನವೆಂಬರಿನಲ್ಲಿ ಆಚರಿಸುತ್ತಿದ್ದರು! 1582ರ ಅಕ್ಟೋಬರ್ ಇನ್ನೂ ಮಜಾ. ಪೋಪ್ ಗ್ರೆಗರಿಯ ತಿದ್ದುಪಡಿ ಒಪ್ಪಿದ ಸ್ಪೇನಿನಂಥ ದೇಶಗಳಲ್ಲಿ 4ನೇ ತಾರೀಖಿನ ಮಾರನೇ ದಿನವೇ 15. ನಡುವಿನ ಹತ್ತು ದಿನ ಬರಲೇ ಇಲ್ಲ. ಸ್ಪೇನಿನ ಕ್ರೈಸ್ತ ಸಂತೆ, ಆವಿಲಾ ಊರಿನ ತೆರೇಸಾ ತೀರಿಕೊಂಡದ್ದು ಸರಿಯಾಗಿ ಅದೇ ರಾತ್ರಿ. ಇವತ್ತಿಗೂ ಅವರನ್ನು ನೆನೆಯುವುದು 15ಕ್ಕೆ. ಕಿತ್ತೂರಿನ 23ಕ್ಕೆ ಇಂಥ ಗೊಂದಲವಿಲ್ಲ, ಇಂಗ್ಲಿಷರು 1752ರಲ್ಲೇ ಹೊಸ ಕ್ಯಾಲೆಂಡರಿಗೆ ಬಂದಿದ್ದರು.

ಮನೆಯಲ್ಲಿ ನಾವು ಹೇಗೆ ಮಾತಾಡುತ್ತೇವೆ ಅಂತ ಗಮನಿಸಿದೆ. “ಕೂಸಿಗೆ ವರ್ಷ ತುಂಬ್ತು.” “ಲಗ್ನ ಆಗಿ ಹತ್ತು ತುಂಬಿ ಹನ್ನೊಂದಕ್ಕ ಬಿತ್ತು.” ಇಲ್ಲಿ ನಾಮಪದವೇ ಇಲ್ಲ, ‘ತುಂಬು’ ಎಲ್ಲ ಕೆಲಸ ಮಾಡುತ್ತದೆ. ಎಷ್ಟನೆಯದು ಎಂಬ ಜಗಳವನ್ನೂ ಅದು ಬಗೆಹರಿಸುತ್ತದೆ. 2024ರ ಅಕ್ಟೋಬರ್ 23ಕ್ಕೆ ಕಿತ್ತೂರಿನ ಗೆಲುವಿಗೆ 200 ತುಂಬಿ 201ಕ್ಕೆ ಬಿತ್ತು. ಎಷ್ಟು ಸ್ಪಷ್ಟ, ಅಲ್ವಾ? ಹುಟ್ಟಿಗೂ ಸಾವಿಗೂ ಗೆಲುವಿಗೂ ಭೂಕಂಪಕ್ಕೂ ಹೊಂದುತ್ತದೆ.

ಹಲಗೆಯ ತಲೆಬರಹಕ್ಕೆ ಮಾತ್ರ ನಾಮಪದ ಬೇಕೇ ಬೇಕು. ‘ತುಂಬಿದ ದಿನ’ ಅಂದೆ. ನಮ್ಮ ಅವ್ವ ನಕ್ಕಳು, “ದಿನ ತುಂಬಿದಾಕಿ ಅಂದ್ರ ಬಸುರಿ ಹೆಣಮಗಳು” ಅಂದಳು. ಸದ್ಯ ‘ನೆನಪಿನ ದಿನಗಳು’ ಅಂತ ಬರೆದಿದ್ದೇನೆ. ಓದಿದರೆ ಯಾರದೋ ಆತ್ಮಕಥೆಯ ಹೆಸರಿನಂತಿದೆ, ನನಗೆ ಸಮಾಧಾನವಿಲ್ಲ.

ಹಾಗಾಗಿ ಕೇಳುವುದು ಎರಡು. ‘ವರ್ಷ ತುಂಬಿದ ದಿನ’ಕ್ಕೆ ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಒಂಟಿ ಪದ ಏನಾದರೂ ಇದೆಯಾ? ಮೈಸೂರು, ಮಂಗಳೂರು ಕಡೆಯವರಿಗೆ ‘ದಿವಸ’ ಅಂದ ಕೂಡಲೇ ಏನು ನೆನಪಾಗುತ್ತದೆ? ನವೆಂಬರ್ 1ರೊಳಗೆ ತಿಳಿಸಿ, ಮುಂದಿನ ತಿಂಗಳ ಹಲಗೆ ಬರೆಯಬೇಕು.