ತೋಟದ ಬಂಗಲೆಯಲ್ಲಿ ಸಿಕ್ಕ ಹುಟ್ಟು: ಆ ಕಾಲದ ದೋಣಿಗಾರನಿಗೆ ಆಟದಿಂದ ಏನು ಸಿಗುತ್ತಿತ್ತು?

ಪ್ರಶ್ನೆ, ಸಿದ್ದಾಪುರದಿಂದ:
ನಾವು ಈಚೆಗೆ ಕೊಂಡ ಕಾಫಿ ತೋಟದ ಹಳೆಯ ಬಂಗಲೆಯ ಗೋಡೆಯಲ್ಲಿ ಎರಡಾಳುದ್ದದ ಹುಟ್ಟೊಂದಿದೆ. ಅದರ ಅಲಗಿನ ಮೇಲೆ ಆಕ್ಸ್‌ಫರ್ಡಿನ ಕಾಲೇಜೊಂದರ ಲಾಂಛನ, 1904 ಎಂಬ ಇಸವಿ, ಒಂಬತ್ತು ಹೆಸರುಗಳು, ಪ್ರತಿ ಹೆಸರಿನ ಮುಂದೆ ಎರಡು ಅಂಕಿಗಳಿವೆ. ನಮ್ಮ ಜಿಲ್ಲೆಯಲ್ಲಿ ಹಾಕಿ ಚೆನ್ನಾಗಿ ಆಡಿದವರಿಗೆ ಸೇನೆಯಲ್ಲೋ ರೈಲ್ವೆಯಲ್ಲೋ ಕೆಲಸ ಸಿಗುವುದುಂಟು. ಆ ಕಾಲದ ವಿದ್ಯಾರ್ಥಿ ದೋಣಿಗಾರನಿಗೆ ಆಟದಿಂದ ಏನು ಸಿಗುತ್ತಿತ್ತು?

ಉತ್ತರ, ಮಡಿಕೇರಿಯಿಂದ:
ತಮ್ಮ ಗೋಡೆಯಲ್ಲಿರುವ ಹುಟ್ಟೇ ಅವನಿಗೆ ಸಿಕ್ಕ ಸಂಬಳವೆನ್ನಬಹುದು. ಗೆದ್ದ ತಂಡದವರು ಹೀಗೆ ಹೆಸರು ಬರೆಸಿ ಇಟ್ಟುಕೊಳ್ಳುತ್ತಿದ್ದರು; ಅಂಕಿಗಳು ಸ್ಟೋನ್ (ಹದಿನಾಲ್ಕು ಪೌಂಡಿನ ತೂಕ) ಮತ್ತು ಪೌಂಡಿನಲ್ಲಿ ದೇಹತೂಕವನ್ನು ಹೇಳುತ್ತವೆ. ಎಂಟು ಮಂದಿ ಹುಟ್ಟು ಹಾಕುವವರು, ಒಂಬತ್ತನೆಯವನು ಚುಕ್ಕಾಣಿ ಹಿಡಿಯುವವನು. ಅತಿ ಕಡಿಮೆ ತೂಕ ಅವನದೇ ಇರಬೇಕು, ನೋಡಿ. ಹಣದ ಮಾತು ಅಲ್ಲಿ ಬರುವಂತಿರಲಿಲ್ಲ. ಇಂಗ್ಲೆಂಡಿನ ಹೆನ್ಲಿಯಲ್ಲಿ ನಡೆಯುವ ದೋಣಿ ಪಂದ್ಯಗಳಲ್ಲಿ ಕೂಲಿಗೆ ದೋಣಿ ನಡೆಸುವ ಅಂಬಿಗರಿಗಷ್ಟೇ ಅಲ್ಲ, ಕೈಕಸುಬಿನಿಂದ ಬದುಕುವ ಯಾರಿಗೂ 1937ರವರೆಗೆ ಪ್ರವೇಶವಿರಲಿಲ್ಲ. ದುಡಿದು ಉಣ್ಣುವವನನ್ನು ಹೊರಗಿಟ್ಟು ಅದನ್ನೇ ಸಭ್ಯತೆಯೆಂದು ಕರೆದ ನಿಯಮವದು.

ಉತ್ತರ, ವಿರಾಜಪೇಟೆಯಿಂದ:
ಮೇಲಿನ ಮಾತಿಗೆ ಫ್ರೆಡರಿಕ್ ಸೆಪ್ಟಿಮಸ್ ಕೆಲ್ಲಿ ಎಂಬವರ ಬದುಕನ್ನು ಸೇರಿಸುತ್ತೇನೆ. 1881ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಅವರು ಈಟನ್ ಶಾಲೆಯಿಂದ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿಗೆ ಬಂದು, 1903ರಲ್ಲಿ ಕೇಂಬ್ರಿಜ್ ವಿರುದ್ಧ ಥೇಮ್ಸ್ ನದಿಯಲ್ಲಿ ಪಟ್ನಿಯಿಂದ ಮಾರ್ಟ್‌ಲೇಕ್‌ವರೆಗಿನ ಸುಮಾರು 6.8 ಕಿಲೋಮೀಟರ್ ಪಂದ್ಯದಲ್ಲಿ ಹುಟ್ಟು ಹಾಕಿ ಸೋತರು. ಒಂಟಿಯಾಗಿ ದೋಣಿ ನಡೆಸುವುದರಲ್ಲಿ ಮಾತ್ರ ಅವರಿಗೆ ಸಾಟಿ ಕಡಿಮೆ: ಹೆನ್ಲಿಯ ಡೈಮಂಡ್ ಸ್ಕಲ್ಸ್ ಪಂದ್ಯವನ್ನು 1902, 1903 ಮತ್ತು 1905ರಲ್ಲಿ ಗೆದ್ದರು, ಕೊನೆಯ ಸಲ ಬರೆದ 8 ನಿಮಿಷ 10 ಸೆಕೆಂಡುಗಳ ದಾಖಲೆ 1938ರವರೆಗೆ ಉಳಿಯಿತು. ಇಷ್ಟಾದರೂ ಅವರು ಆರಿಸಿಕೊಂಡ ಕಸುಬು ಸಂಗೀತ. ಫ್ರಾಂಕ್‌ಫರ್ಟಿನಲ್ಲಿ ಪಿಯಾನೊ ಮತ್ತು ಸಂಗೀತ ರಚನೆಯನ್ನು ಕಲಿತು, 1908ರ ಒಲಿಂಪಿಕ್ಸ್‌ನಲ್ಲಿ ಎಂಟು ಮಂದಿಯ ದೋಣಿಯಲ್ಲಿ ಚಿನ್ನ ಗೆದ್ದು, ಆಮೇಲೆ ಪಿಯಾನೊ ಕಛೇರಿಗಳಿಗೆ ಹೊರಟರು. ಮೊದಲ ಮಹಾಯುದ್ಧ ಬಂದಾಗ ಟರ್ಕಿಯ ಗಲಿಪೊಲಿಯಲ್ಲಿ ಹೋರಾಡಿ ಬದುಕುಳಿದು, 1916ರ ನವೆಂಬರ್ 13ರಂದು ಫ್ರಾನ್ಸಿನ ಬೋಕೂರ್ ಬಳಿ ಮೆಷಿನ್ ಗನ್ ಠಾಣೆಯೊಂದರ ಮೇಲೆ ನುಗ್ಗುವಾಗ ಮಡಿದರು.

ಪ್ರಶ್ನೆ ಕೇಳಿದವರು:
ಉತ್ತರಿಸಿದ ಇಬ್ಬರಿಗೂ ವಂದನೆಗಳು. ಟಾರ್ಚ್ ಹಿಡಿದು ನೋಡಿದೆ. ಕೊನೆಯ ಹೆಸರಿನ ಮುಂದೆ 8, 4 ಎಂದಿದೆ, ಎಂದರೆ ಸುಮಾರು 53 ಕಿಲೋ. ಬಣ್ಣ ಅಲ್ಲಲ್ಲಿ ಏಳುತ್ತಿರುವುದರಿಂದ, ಮಳೆಗಾಲ ಹಿಡಿಯುವ ಮೊದಲು ಹುಟ್ಟನ್ನು ಆ ತೇವದ ಗೋಡೆಯಿಂದ ಇಳಿಸಿ ಒಳಕೋಣೆಯಲ್ಲಿಡುತ್ತೇನೆ.