ಕೊಡಗಿನಲ್ಲಿ ನೀರಿದ್ದೂ ಗದ್ದೆಗಳು ಪಾಳು ಬೀಳುತ್ತಿರುವುದೇಕೆ?

ಪ್ರಶ್ನೆ (ಹಾವೇರಿಯಿಂದ)

ಕಳೆದ ಡಿಸೆಂಬರಿನಲ್ಲಿ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವಾಗ ಏರಿನ ತೋಟಗಳಲ್ಲಿ ಕಾಫಿ ಗಿಡಗಳು ಹಣ್ಣಿನ ಭಾರಕ್ಕೆ ಬಾಗಿದ್ದವು. ಅವುಗಳ ಕೆಳಗಿನ ಗದ್ದೆಗಳಲ್ಲಿ ಮಾತ್ರ ಎಷ್ಟೋ ಕಡೆ ಪೈರಿನ ಬದಲು ಹುಲ್ಲು ಬೆಳೆದು ನಿಂತಿತ್ತು. ಕೊಳವೆಬಾವಿ ಕೊರೆಸಿ ಸೋತ ನಮ್ಮ ಕಡೆಯವರಿಗೆ, ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಗದ್ದೆ ಪಾಳು ಬಿದ್ದಿರುವುದು ಅರ್ಥವೇ ಆಗುವುದಿಲ್ಲ. ಕಾಫಿಯ ಬೆಲೆಯೊಂದೇ ಇದಕ್ಕೆ ಕಾರಣವೇ? ಭತ್ತದ ಸುಗ್ಗಿ ಹಬ್ಬವಾದ ಹುತ್ತರಿಯನ್ನು ಅಷ್ಟು ಸಂಭ್ರಮದಿಂದ ಆಚರಿಸುವವರು ಭತ್ತವನ್ನೇ ಕೈಬಿಡುತ್ತಿರುವುದೇಕೆ? ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ (ನಾಪೋಕ್ಲಿನಿಂದ)

ತಾವು ಕೇಳಿರುವುದು ನಮ್ಮ ಮನೆಯಲ್ಲಿ ಪ್ರತಿ ಮಳೆಗಾಲಕ್ಕೂ ಎದ್ದೇಳುವ ಜಗಳ. ಬೆಲೆಗಿಂತ ಆಳಿನ ಸಮಸ್ಯೆಯೇ ದೊಡ್ಡದು ಎಂಬುದು ನನ್ನ ಅನುಭವ. ಕಣಿವೆಯ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ಎಷ್ಟೋ ಕಡೆ ಯಂತ್ರ ಇಳಿಸಲು ದಾರಿಯೇ ಇಲ್ಲ. ಭತ್ತ ಕೊಯ್ಯುವ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಾಗಿರುತ್ತದೆ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಕಾದಿರುತ್ತದೆ. ಸಿಕ್ಕ ನಾಲ್ಕು ಆಳುಗಳನ್ನು ಗದ್ದೆಗೆ ಕಳಿಸಿದರೆ ತೋಟದಲ್ಲಿ ಹಣ್ಣು ಉದುರಿ ಹೋಗುತ್ತದೆ.

ಇದರ ಮೇಲೆ ಕಾಡಾನೆ. ಎರಡು ವರ್ಷದ ಹಿಂದೆ ಹುತ್ತರಿಗೆ ಹದಿನೈದು ದಿನವಿರುವಾಗ ಒಂದೇ ರಾತ್ರಿಯಲ್ಲಿ ನಮ್ಮ ಗದ್ದೆ ಮುಗಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಬಾಣಲೆಯಷ್ಟಗಲದ ಹೆಜ್ಜೆಗುಳಿಗಳಲ್ಲಿ ನೀರು ನಿಂತಿತ್ತು, ತೆನೆಗಳು ಕೆಸರಿನೊಳಗೆ ಹೂತಿದ್ದವು. ಅಂದಿನಿಂದ ಮನೆಯ ಹತ್ತಿರದ ಒಂದೇ ಗದ್ದೆಗೆ ನಾಟಿ ಮಾಡುತ್ತೇವೆ, ಅದೂ ಹಬ್ಬಕ್ಕೆ ಕದಿರು ಬೇಕೆಂಬ ಕಾರಣಕ್ಕೆ. ಐನ್‌ಮನೆಯಲ್ಲಿ (ಕುಲದ ಮೂಲಮನೆಯಲ್ಲಿ) ನೆರೆ, ಅಂದರೆ ಹಬ್ಬದ ಎಲೆಗಳ ಕಟ್ಟು, ಕಟ್ಟಿ, ದೀಪ ಹಿಡಿದು ಗದ್ದೆಗಿಳಿದು, ಕೋವಿ ಹಾರಿಸಿ, ‘ಪೊಲಿ ಪೊಲಿ ದೇವಾ’ ಎನ್ನುತ್ತ ಕದಿರು ತೆಗೆಯುವವರು ಆ ಕದಿರನ್ನು ಬೇರೆಯವರ ಗದ್ದೆಯಿಂದ ತರುವುದು ಹೇಗೆ? ಈಗ ಹಾಗೆ ತರುವವರೂ ಇದ್ದಾರೆ, ಅವರನ್ನು ನಾನು ದೂರುವುದಿಲ್ಲ.

ಉತ್ತರ (ವಿರಾಜಪೇಟೆಯಿಂದ)

ಮೇಲಿನವರ ಮಾತನ್ನು ಒಪ್ಪುತ್ತಲೇ ಜಮೀನಿನ ಚರಿತ್ರೆಯನ್ನು ಸೇರಿಸಬಯಸುತ್ತೇನೆ. ಸೈನಿಕ ಸೇವೆಯ ಋಣವಿದ್ದ ಜಮ್ಮಾ ಹಿಡುವಳಿಯಲ್ಲಿ ಮುಖ್ಯ ಆಸ್ತಿಯೆಂದರೆ ಗದ್ದೆಯೇ. ಅದರ ಮೇಲಿನ ಬಾಣೆಯು ಸೊಪ್ಪು, ಸೌದೆ ಮತ್ತು ದನಗಳ ಮೇವಿಗೆಂದು ಗದ್ದೆಗೆ ಅಂಟಿಕೊಂಡು ಬಂದ ಜಾಗ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ನಂತರ, ಆ ಶತಮಾನದ ನಡುವಿನಿಂದ ಕಾಫಿ ತೋಟಗಳು ಹಬ್ಬಿದವು. ಬರುಬರುತ್ತ ಬಾಣೆಗಳಿಗೂ ಕಾಫಿ ಬಂದು, ಗದ್ದೆಗೆ ಗೊಬ್ಬರ ಕೊಡುತ್ತಿದ್ದ ಜಾಗವೇ ಗದ್ದೆಯನ್ನು ಸಾಕುವ ಯಜಮಾನನಾಯಿತು. 1990ರ ದಶಕದಲ್ಲಿ ಬೆಳೆಗಾರರ ಕಾಫಿಯನ್ನು ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲಿಂಗ್ ವ್ಯವಸ್ಥೆ ಹೋಗಿ ಬೆಳೆಗಾರರೇ ನೇರವಾಗಿ ಮಾರುವಂತಾದಾಗ ಈ ಯಜಮಾನಿಕೆ ಗಟ್ಟಿಯಾಯಿತು.

ಆದರೆ ಗದ್ದೆಗೆ ಬೇರೊಂದು ಉಪಯೋಗವನ್ನು ಈಗ ಕಂಡುಕೊಂಡಿದ್ದಾರೆ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಯಿಸಲೇಬೇಕು. ಆ ನೀರಿಗಾಗಿ ಪಾಳು ಗದ್ದೆಯಲ್ಲಿ ಕೆರೆ ತೋಡಿಸುತ್ತಾರೆ. ಮಳೆಗಾಲವಿಡೀ ನೀರು ನಿಲ್ಲಿಸಿಕೊಂಡು ನಿಧಾನವಾಗಿ ಇಂಗಿಸುತ್ತಿದ್ದ ಗದ್ದೆ ಹೋದರೆ ಬೇಸಿಗೆಯಲ್ಲಿ ತೋಡು (ಸಣ್ಣ ಹಳ್ಳ) ಬೇಗ ಬತ್ತುತ್ತದೆ. ಆಗ ಇನ್ನೊಂದು ಕೆರೆ ಬೇಕಾಗುತ್ತದೆ. ನಮ್ಮ ತೋಟದಲ್ಲಿಯೂ ಹೀಗೇ ಎರಡನೆಯದು ಬಂತು.

ಉತ್ತರ (ಕುಶಾಲನಗರದಿಂದ)

ಜಿಲ್ಲೆಯೆಲ್ಲ ಒಂದೇ ತೆರನಾಗಿಲ್ಲ ಎಂಬುದನ್ನು ಪ್ರಶ್ನೆ ಕೇಳಿದವರು ಗಮನಿಸಬೇಕು. ಮಡಿಕೇರಿಯಿಂದ ಸುಮಾರು 30 ಕಿ.ಮೀ. ಪೂರ್ವಕ್ಕಿಳಿದರೆ ಮಳೆ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ನೆಲ ಸಮತಟ್ಟಾಗಿರುವುದರಿಂದ ಇಲ್ಲಿ ಕೊಯ್ಲಿನ ಯಂತ್ರ ಸಲೀಸಾಗಿ ಗದ್ದೆಗಿಳಿಯುತ್ತದೆ. ಇಲ್ಲಿ ಭತ್ತಕ್ಕೆ ಪೈಪೋಟಿ ಕೊಡುತ್ತಿರುವುದು ಕಾಫಿಯಲ್ಲ, ಶುಂಠಿ ಮತ್ತು ಮುಸುಕಿನ ಜೋಳ. ಶುಂಠಿಗೆಂದು ಗದ್ದೆಯನ್ನು ಗುತ್ತಿಗೆ ಕೊಟ್ಟವರು ಮುಂದಿನ ವರ್ಷ ಅದೇ ಮಣ್ಣಿನಲ್ಲಿ ನಾಟಿ ಮಾಡುವ ಮೊದಲು, ಎತ್ತರಿಸಿದ ಏರುಮಡಿಗಳನ್ನೆಲ್ಲ ಒಡೆದು ಬದುಗಳನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.