ಸ್ಪಂಜಿನೊಳಗೆ ಸಿಕ್ಕ ಆರು ತೋಳಿನ ಪುಟ್ಟ ಬ್ರಿಟಲ್ ಸ್ಟಾರ್: ಪ್ರಭೇದ ಯಾವುದು?

ಪ್ರಶ್ನೆ (ಇಳಿತದ_ದಂಡೆ):

ಕಳೆದ ಅಮಾವಾಸ್ಯೆಯ ಇಳಿತದಲ್ಲಿ ಕಾರವಾರದ ದಕ್ಷಿಣಕ್ಕಿರುವ ಬಂಡೆಗಲ್ಲಿನ ದಂಡೆಯೊಂದರಿಂದ, ಕಲ್ಲಿನ ಅಡಿಗೆ ಅಂಟಿಕೊಂಡಿದ್ದ ಹೆಬ್ಬೆರಳಿನಷ್ಟು ಸ್ಪಂಜನ್ನು ತಂದು, ಸಮುದ್ರದ ನೀರು ತುಂಬಿದ ಬಿಳಿ ತಟ್ಟೆಯಲ್ಲಿ ಇಟ್ಟಿದ್ದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸ್ಪಂಜಿನ ರಂಧ್ರಗಳಿಂದ ದಾರದ ಎಳೆಗಳಂತಹ ತೋಳುಗಳು ಹೊರಚಾಚಿದವು. ಎಣಿಸಿದಾಗ ಒಟ್ಟು ಹದಿನೇಳು ಬ್ರಿಟಲ್ ಸ್ಟಾರ್‌ಗಳಿದ್ದವು. ನಡುವಿನ ಬಿಲ್ಲೆಯ ಅಗಲ 2 ರಿಂದ 4 ಮಿಲಿಮೀಟರ್. ಬಣ್ಣ ಪಾಚಿಹಸಿರು, ಅಲ್ಲಲ್ಲಿ ಕೆನೆಬಣ್ಣದ ಮಚ್ಚೆಗಳು, ತೋಳುಗಳ ಮೇಲೆ ಅಡ್ಡಪಟ್ಟೆಗಳು.

ನನ್ನನ್ನು ಗೊಂದಲಕ್ಕೆ ಕೆಡವಿದ್ದು ತೋಳುಗಳ ಸಂಖ್ಯೆ. ನಕ್ಷತ್ರ ಮೀನು, ಬ್ರಿಟಲ್ ಸ್ಟಾರ್‌ಗಳು ಸೇರುವ ಕಂಟಕಚರ್ಮಿಗಳಿಗೆ ಐದರ ಲೆಕ್ಕ ಎಂದು ನಾವೆಲ್ಲ ಓದಿದ್ದೇವೆ, ಆದರೆ ಇವುಗಳಲ್ಲಿ ಬಹುಪಾಲಿಗೆ ಆರು ತೋಳುಗಳಿವೆ, ಮತ್ತು ಅರ್ಧದಷ್ಟು ಜೀವಿಗಳಲ್ಲಿ ಒಂದು ಬದಿಯ ಮೂರು ತೋಳುಗಳು ಉದ್ದವಾಗಿಯೂ ಎದುರು ಬದಿಯ ಮೂರು ಗಿಡ್ಡವಾಗಿಯೂ ಇವೆ. ಯಾವುದಾದರೂ ಮೀನು ಕಚ್ಚಿ ಹೀಗಾಗಿರಬಹುದೇ? ಮೂರನ್ನು ನೇರವಾಗಿ ಫಾರ್ಮಲಿನ್‌ಗೆ ಹಾಕಿದೆ, ಅವು ತೋಳುಗಳನ್ನೆಲ್ಲ ಉದುರಿಸಿಕೊಂಡು ಬರಿಯ ಬಿಲ್ಲೆಗಳಾಗಿ ಉಳಿದವು. ಉಳಿದವು ಇನ್ನೂ ಜೀವಂತವಾಗಿವೆ. ಗುರುತಿಸಲು ಏನನ್ನು ನೋಡಬೇಕು?

ಉತ್ತರ 1 (ಕಡಲಪಾಚಿ):

ಗಾತ್ರವನ್ನು ನೋಡಿದರೆ ಇದು ಆಂಫಿಫೋಲಿಸ್ ಸ್ಕ್ವಾಮಾಟಾ ಆಗಿರಬೇಕು. ಐದು ಮಿಲಿಮೀಟರ್‌ಗೂ ಕಿರಿದಾದ ಬಿಲ್ಲೆ, ಹುರುಪೆ ಹೊದ್ದ ಮೈ, ಕಲ್ಲಿನಡಿಯ ವಾಸ, ಎಲ್ಲವೂ ಹೊಂದುತ್ತವೆ. ಜಗತ್ತಿನ ಬಹುತೇಕ ಸಮುದ್ರಗಳಿಂದ ವರದಿಯಾಗಿರುವ ಈ ಪ್ರಭೇದವು ಮೊಟ್ಟೆಗಳನ್ನು ನೀರಿಗೆ ಬಿಡದೆ, ತೋಳಿನ ಬುಡದ ಚೀಲಗಳಲ್ಲಿ ಮರಿಗಳನ್ನು ಬೆಳೆಸುತ್ತದೆ. ಕತ್ತಲೆಯ ಕೋಣೆಯಲ್ಲಿ ತೋಳನ್ನು ಮೆಲ್ಲಗೆ ಮುಟ್ಟಿ ನೋಡಿ, ಹಸಿರು ಬೆಳಕು ಹೊಮ್ಮಿದರೆ ಈ ಊಹೆಗೆ ಬಲ ಬರುತ್ತದೆ. ಆರು ತೋಳು ಎಲ್ಲೋ ಒಂದು ವಿಕೃತಿ ಇರಬಹುದು.

ಉತ್ತರ 2 (ಒಂಬತ್ತನೆಯ_ಅಲೆ):

ಹಿಂದಿನ ಉತ್ತರವನ್ನು ಒಪ್ಪಲಾರೆ. ಹದಿನೇಳು ಜೀವಿಗಳಲ್ಲಿ ಬಹುಪಾಲಿಗೆ ಒಂದೇ ವಿಕೃತಿ ಇದ್ದರೆ ಅದನ್ನು ವಿಕೃತಿ ಎನ್ನುವುದು ಕಷ್ಟ. ಮೂರು ಉದ್ದ ಮತ್ತು ಮೂರು ಗಿಡ್ಡ ತೋಳುಗಳ ಜೋಡಣೆ ಮೀನಿನ ಕಡಿತದ ಗುರುತೂ ಅಲ್ಲ, ಏಕೆಂದರೆ ಮೀನು ಹೀಗೆ ಪ್ರತಿ ಸಲವೂ ನಡುವೆ ಗೆರೆ ಹೊಡೆದಂತೆ ಅರ್ಧವನ್ನಷ್ಟೇ ತಿನ್ನುವುದಿಲ್ಲ. ಈ ಜೀವಿ ತನ್ನ ಬಿಲ್ಲೆಯನ್ನು ತಾನೇ ಎರಡಾಗಿ ಸೀಳಿಕೊಳ್ಳುತ್ತದೆ. ಪ್ರತಿ ಹೋಳೂ ಮೂರು ತೋಳುಗಳೊಂದಿಗೆ ಬೇರೆಯಾಗಿ, ಕಳೆದುಕೊಂಡ ಅರ್ಧವನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ನಿಮ್ಮ ಗಿಡ್ಡ ತೋಳುಗಳು ಹೊಸತಾಗಿ ಚಿಗುರುತ್ತಿರುವ ತೋಳುಗಳು. ಸ್ಪಂಜಿನೊಳಗಿನ ವಾಸ, ಹಸಿರು ಬಣ್ಣ, ಈ ಸೀಳುವಿಕೆ, ಮೂರನ್ನೂ ಸೇರಿಸಿದರೆ ಮೊದಲು ನೆನಪಾಗಬೇಕಾದ ಹೆಸರು ಆಫಿಯಾಕ್ಟಿಸ್ ಸಾವಿನ್ಯಿ.

ಆದರೆ ನೆನಪಾಗುವುದು ಬೇರೆ, ಗುರುತಿಸುವುದು ಬೇರೆ. ಇದೇ ಕುಲದಲ್ಲಿ ಆರು ತೋಳಿದ್ದು ಸೀಳಿಕೊಂಡು ಹೆಚ್ಚುವ ಬೇರೆ ಪ್ರಭೇದಗಳೂ ಇವೆ, ಬಣ್ಣವಂತೂ ನಂಬಿಕೆಗೆ ಅರ್ಹವಲ್ಲ. ಬ್ರಿಟಲ್ ಸ್ಟಾರ್‌ಗಳನ್ನು ಮೇಲಿನಿಂದ ನೋಡಿ ಹೆಸರಿಡುವ ಅಭ್ಯಾಸವೇ ಹೆಚ್ಚಿನ ತಪ್ಪುಗಳಿಗೆ ಮೂಲ ಎಂಬುದು ನನ್ನ ಅಭಿಪ್ರಾಯ. ಮಗುಚಿ ಹಾಕಿ ಬಾಯಿಯನ್ನು ನೋಡಿ.

ಬಾಯಿಯ ಸುತ್ತ ತೋಳುಗಳಷ್ಟೇ ಸಂಖ್ಯೆಯ ತ್ರಿಕೋನಾಕಾರದ ದವಡೆಗಳು ಕೇಂದ್ರದತ್ತ ಮುಖಮಾಡಿರುತ್ತವೆ. ಪ್ರತಿ ದವಡೆಯ ಅಂಚಿನಲ್ಲಿ ಪ್ಯಾಪಿಲೆ ಎನ್ನುವ ಸಣ್ಣ ಸುಣ್ಣದ ಗುಬುಟುಗಳಿರುತ್ತವೆ. ಕುಟುಂಬವನ್ನು ಬೇರ್ಪಡಿಸುವುದೇ ಇವು. ದವಡೆಯ ತುದಿಯಲ್ಲಿ, ಹಲ್ಲುಗಳ ಕೆಳಗೆ, ಎರಡು ಗುಬುಟುಗಳು ಜೋಡಿಯಾಗಿ ಪಕ್ಕಪಕ್ಕದಲ್ಲಿ ಇದ್ದರೆ ಅದು ಆಂಫಿಫೋಲಿಸ್ ಸೇರಿರುವ ಆಂಫಿಯೂರಿಡೇ ಕುಟುಂಬ. ಆಂಫಿಫೋಲಿಸ್‌ನಲ್ಲಿ ದವಡೆಯ ಹೊರತುದಿಯ ಗುಬುಟು ಅಗಲವಾಗಿ, ಬಾಯಿಯ ಸೀಳನ್ನು ಮುಚ್ಚುವ ಕದದಂತೆ ಕಾಣುತ್ತದೆ. ಆಫಿಯಾಕ್ಟಿಸ್‌ನಲ್ಲಿ ಆ ಜೋಡಿ ಇರುವುದಿಲ್ಲ. ತುದಿಯಲ್ಲಿ ಒಂದೇ ಗುಬುಟು, ಎರಡೂ ಬದಿಗಳಲ್ಲಿ ಒಂದೋ ಎರಡೋ ಮಾತ್ರ. ಬದಿಗಳಲ್ಲಿ ಏನೂ ಇಲ್ಲದೆ ತುದಿಯಲ್ಲಷ್ಟೇ ಗುಬುಟುಗಳ ಗುಂಪಿದ್ದು, ತೋಳಿನ ಮುಳ್ಳುಗಳು ಗಾಜಿನಂತೆ ಪಾರದರ್ಶಕವಾಗಿದ್ದರೆ ಅದು ಆಫಿಯೋಥ್ರಿಕ್ಸ್ ಎಂಬ ಇನ್ನೊಂದು ಕುಲದ ಬಳಗ.

ಅನಂತರ ತೋಳಿನ ಕೆಳಮುಖಕ್ಕೆ ಹೋಗಿ. ನಕ್ಷತ್ರ ಮೀನಿನಂತೆ ಇಲ್ಲಿ ತೆರೆದ ಕಾಲುವೆ ಇಲ್ಲ. ಫಲಕಗಳ ನಡುವಿನ ರಂಧ್ರಗಳಿಂದ ಕೊಳವೆಪಾದಗಳು ಹೊರಬರುತ್ತವೆ. ಆ ರಂಧ್ರವನ್ನು ಕಾಯುವ ಹುರುಪೆ ಆಫಿಯಾಕ್ಟಿಸ್ ಸಾವಿನ್ಯಿಯಲ್ಲಿ ದೊಡ್ಡದಾದ ಒಂದೇ ಒಂದು, ಆಂಫಿಫೋಲಿಸ್ ಸ್ಕ್ವಾಮಾಟಾದಲ್ಲಿ ಎರಡು. ತೋಳಿನ ಪ್ರತಿ ಗಂಟಿನ ಪಕ್ಕದ ಮುಳ್ಳುಗಳನ್ನೂ ಎಣಿಸಿ: ಮೊದಲನೆಯದರಲ್ಲಿ ಸಾಮಾನ್ಯವಾಗಿ ಐದು ಅಥವಾ ಆರು, ಎರಡನೆಯದರಲ್ಲಿ ಮೂರು, ಬುಡದ ಬಳಿ ಕೆಲವೊಮ್ಮೆ ನಾಲ್ಕು.

ಕೊನೆಯಲ್ಲಿ ಬೆನ್ನಿಗೆ ಬನ್ನಿ. ಪ್ರತಿ ತೋಳಿನ ಬುಡಕ್ಕೆ ನೇರವಾಗಿ ಬಿಲ್ಲೆಯ ಮೇಲೆ ಜೋಡಿ ಫಲಕಗಳಿರುತ್ತವೆ, ಇವುಗಳಿಗೆ ರೇಡಿಯಲ್ ಶೀಲ್ಡ್ ಎಂದು ಹೆಸರು. ಸಾವಿನ್ಯಿಯಲ್ಲಿ ಇವು ಅರ್ಧಚಂದ್ರಾಕಾರದವು, ಬಿಲ್ಲೆಯ ತ್ರಿಜ್ಯದ ಅರ್ಧಕ್ಕೂ ಮಿಗಿಲಾದ ಉದ್ದದವು; ಹೊರತುದಿಯಲ್ಲಿ ಮಾತ್ರ ಒಂದನ್ನೊಂದು ತಾಕಿ, ಒಳಭಾಗದಲ್ಲಿ ಹುರುಪೆಗಳ ಬೆಣೆಯಿಂದ ಬೇರ್ಪಟ್ಟಿರುತ್ತವೆ, ಹೊರತುದಿ ಬಹುಪಾಲು ಬಿಳಿಚುಕ್ಕೆಯಂತೆ ಎದ್ದು ಕಾಣುತ್ತದೆ. ಸ್ಕ್ವಾಮಾಟಾದಲ್ಲಿ ಜೋಡಿಯು ಹೆಚ್ಚುಕಡಿಮೆ ಪೂರ್ತಿ ಉದ್ದಕ್ಕೂ ಕೂಡಿಕೊಂಡಿರುತ್ತದೆ. ಸಾವಿನ್ಯಿಯ ಬಿಲ್ಲೆಯ ಮೇಲೆ, ಮುಖ್ಯವಾಗಿ ಅಂಚಿನ ಬಳಿ, ಚದುರಿದ ಚಿಕ್ಕ ಮುಳ್ಳುಗಳೂ ಇರುತ್ತವೆ.

ಹೆಸರಿನ ಬಗ್ಗೆ ಒಂದು ಮಾತು. 1798 ರಲ್ಲಿ ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯೊಂದಿಗೆ ಹೋದ ಪ್ರಾಣಿಶಾಸ್ತ್ರಜ್ಞ ಸಾವಿನ್ಯಿ ಅಲ್ಲಿನ ಅಕಶೇರುಕಗಳ ಅತಿ ಸೂಕ್ಷ್ಮ ಚಿತ್ರಗಳನ್ನು ಸಿದ್ಧಪಡಿಸಿದ; ಕಣ್ಣಿನ ಬೇನೆಯಿಂದಾಗಿ ವಿವರಣೆಯ ಕೆಲಸವನ್ನು ಪೂರೈಸಲಾಗಲಿಲ್ಲ. 1842 ರಲ್ಲಿ ಪ್ರಾಣಿಶಾಸ್ತ್ರಜ್ಞರಾದ ಮ್ಯೂಲರ್ ಮತ್ತು ಟ್ರೋಶೆಲ್ ಈ ಪ್ರಭೇದವನ್ನು ವಿವರಿಸಿ ಅವನ ಹೆಸರಿಟ್ಟರು. 2002 ರಲ್ಲಿ ಪ್ರಕಟವಾದ ತಳಿ ಅಧ್ಯಯನವೊಂದು ಇದನ್ನು ಜಗತ್ತಿನ ಅತಿ ಸಾಮಾನ್ಯ ಬ್ರಿಟಲ್ ಸ್ಟಾರ್ ಎಂದು ಕರೆದು, ಮನುಷ್ಯನ ಮೂಲಕ ಪಶ್ಚಿಮ ಅಟ್ಲಾಂಟಿಕ್‌ಗೆ ತಲುಪಿರುವ ಸಾಧ್ಯತೆಯನ್ನು ತೋರಿಸಿತು.

ಉತ್ತರ 3 (ಗಾಜಿನ_ಸೀಸೆ):

ಮಾದರಿಗಳು ಇನ್ನೂ ಜೀವಂತವಾಗಿರುವುದರಿಂದ ಸಂರಕ್ಷಣೆಯ ಬಗ್ಗೆ ಹೇಳುತ್ತೇನೆ. ಇವುಗಳ ಅಂಗಾಂಶದ ಗಡಸುತನ ನರಗಳ ಹಿಡಿತದಲ್ಲಿದೆ. ಗಾಬರಿಯಾದ ಕೂಡಲೇ ತೋಳಿನ ಗಂಟುಗಳ ನಡುವಿನ ಕಟ್ಟು ಸಡಿಲಗೊಂಡು ತೋಳು ತುಂಡಾಗುತ್ತದೆ. ಆದ್ದರಿಂದ ಮೊದಲು ಮಂಪರು ಬರಿಸಬೇಕು. ಸಿಹಿನೀರಿನಲ್ಲಿ ಸುಮಾರು 7 ಶೇಕಡಾ ಮೆಗ್ನೀಷಿಯಂ ಕ್ಲೋರೈಡ್ ಕರಗಿಸಿ, ಅದನ್ನು ಅಷ್ಟೇ ಸಮುದ್ರದ ನೀರಿನೊಂದಿಗೆ ಬೆರೆಸಿ ಬಳಸಬಹುದು. ಅದು ಸಿಗದಿದ್ದರೆ ಔಷಧಿ ಅಂಗಡಿಯ ಎಪ್ಸಮ್ ಉಪ್ಪೂ ಕೆಲಸಕ್ಕೆ ಬರುತ್ತದೆ. ಮುಟ್ಟಿದರೂ ಮಿಸುಕದಿದ್ದಾಗ ತೋಳುಗಳನ್ನು ಬಿಡಿಸಿ 95 ಶೇಕಡಾ ಎಥನಾಲ್‌ಗೆ ಹಾಕಿ. ಆಮ್ಲೀಯವಾದ ಫಾರ್ಮಲಿನ್ ಸುಣ್ಣದ ಫಲಕಗಳನ್ನು ನಿಧಾನವಾಗಿ ಕರಗಿಸುತ್ತದೆ. ಗುರುತಿಸಲು ನಮಗೆ ಬೇಕಾದದ್ದು ಆ ಫಲಕಗಳೇ.

ಇನ್ನೊಂದು ಉಪಾಯವಿದೆ. ಎಥನಾಲ್‌ನಲ್ಲಿ ಒದ್ದೆಯಾಗಿರುವ ಮಾದರಿಯಲ್ಲಿ ಹುರುಪೆಗಳ ಗೆರೆ ಸ್ಪಷ್ಟವಾಗಿ ಕಾಣುವುದಿಲ್ಲ. ಒಂದನ್ನು ಹೊರತೆಗೆದು ಕಾಗದದ ಮೇಲೆ ಒಣಗಿಸಿ, ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟು ನೋಡಿ.

ಪ್ರಶ್ನೆ ಕೇಳಿದವರಿಂದ (ಇಳಿತದ_ದಂಡೆ):

ಎಪ್ಸಮ್ ಉಪ್ಪಿನಲ್ಲಿ ಐದನ್ನು ಮಲಗಿಸಿದೆ, ಒಂದೂ ತೋಳು ಕಳಚಿಕೊಳ್ಳಲಿಲ್ಲ. ಎರಡನ್ನು ಒಣಗಿಸಿ, 40 ಪಟ್ಟು ವರ್ಧನೆಯಲ್ಲಿ ನೋಡಿದೆ. ದವಡೆಯ ತುದಿಯಲ್ಲಿ ಒಂಟಿ ಗುಬುಟು, ಬದಿಗಳಲ್ಲಿ ಎರಡೆರಡು. ಒಂದು ದವಡೆಯ ಒಂದು ಬದಿಯಲ್ಲಿ ಮಾತ್ರ ಒಂದೇ ಕಂಡಿತು, ಅದು ನನ್ನ ಸೂಜಿಯಿಂದ ಉದುರಿದ್ದೂ ಇರಬಹುದು. ಕೊಳವೆಪಾದದ ಹುರುಪೆ ಒಂದೇ, ದುಂಡಗಿದೆ. ಮುಳ್ಳುಗಳು ಐದು. ಬೆನ್ನಿನ ಫಲಕಗಳು ಒಂಬತ್ತನೆಯ_ಅಲೆ ಬರೆದಂತೆಯೇ ಹೊರತುದಿಯಲ್ಲಿ ತಾಕಿಕೊಂಡು, ಅಲ್ಲಿ ಬಿಳಿಯಾಗಿವೆ. ಕಿರಿದಾದ ಮಾದರಿಯಲ್ಲಿ ಚಿಗುರುತ್ತಿರುವ ಬದಿಯ ಫಲಕಗಳು ತೀರ ಸಣ್ಣವಾಗಿದ್ದವು, ಆದ್ದರಿಂದ ಹಳೆಯ ಅರ್ಧವನ್ನಷ್ಟೇ ಅಳೆದೆ.

ತಟ್ಟೆಯ ಮೂಲೆಯಲ್ಲಿ ಮೊದಲು ಗಮನಿಸದಿದ್ದ ಒಂದು ಹೋಳು ಇಂದು ಕಂಡಿತು: ಅರ್ಧಬಿಲ್ಲೆ, ಮೂರು ತೋಳು, ಸೀಳಿದ ಅಂಚಿನಲ್ಲಿ ಹುರುಪೆಗಳಿಲ್ಲದ ತೆಳು ಚರ್ಮ, ಅದರ ಮೇಲೆ ಸಾಸಿವೆಗಿಂತ ಕಿರಿದಾದ ಮೂರು ಮೊಗ್ಗುಗಳು. ಹೆಸರಿನ ಚೀಟಿಯಲ್ಲಿ ಆಫಿಯಾಕ್ಟಿಸ್ ಸಾವಿನ್ಯಿ ಎಂದು ಬರೆದಿದ್ದೇನೆ. ಉಳಿದವುಗಳನ್ನು ನಾಳೆಯ ಇಳಿತಕ್ಕೆ ಅದೇ ಕಲ್ಲಿನಡಿಗೆ ಬಿಟ್ಟು ಬರುತ್ತೇನೆ.